ಮೊಳಕಾಲ್ಮುರಿಗೆ ಮಂಜೂರಾದ ತೂತು

ಮೊಳಕಾಲ್ಮುರು ತಾಲ್ಲೂಕಿನ ನೇಕಾರರಿಗೆ ಯೋಜನೆಯಡಿ ಹಂಚಿದ ಫೋನುಗಳಿಗೆ ಇಯರ್‌ಫೋನ್ ಚುಚ್ಚುವ ತೂತು ಇರಲಿಲ್ಲ ಎಂಬುದು ಎಲ್ಲ ಹಂತದ ಅಧಿಕಾರಿಗಳೂ ಒಪ್ಪಿ ಸಹಿ ಮಾಡಿರುವ ಸತ್ಯ. ಆ ತೂತನ್ನು ಆಮೇಲೆ ಕಚೇರಿಯೇ ಮಂಜೂರು ಮಾಡಿತು ಎಂಬುದೂ ಅಷ್ಟೇ ಸತ್ಯ. ಈ ಎರಡು ಸತ್ಯಗಳ ನಡುವೆ ನಡೆದದ್ದನ್ನು ಕೆಲವರು ಗೊಂದಲ ಅನ್ನುತ್ತಾರೆ. ಅವರಿಗೆ ಕಚೇರಿಯ ಕೆಲಸ ಗೊತ್ತಿಲ್ಲ, ಪಾಪ. ನಡೆದದ್ದೆಲ್ಲ ನಿಯಮದ ಪ್ರಕಾರವೇ ನಡೆಯಿತು.

ಮೊದಲು ವನಜಾಕ್ಷಿಯ ಮನೆಯ ವಿಷಯ ಹೇಳಿಬಿಡುತ್ತೇನೆ. ಫೋನಿನ ತೂತು ಹೋದಾಗ ಎಲ್ಲರಿಗಿಂತ ಮೊದಲು ಪೆಟ್ಟು ಬಿದ್ದಿದ್ದು ಆ ಮನೆಗೆ.

ವನಜಾಕ್ಷಿ ಚಳ್ಳಕೆರೆಯ ಹೆಣ್ಣುಮಗಳು. ಮದುವೆಯಾಗಿ ಮೊಳಕಾಲ್ಮುರಿನ ರೇಷ್ಮೆ ನೇಯುವ ಮನೆಗೆ ಬಂದ ಮೂರನೇ ದಿನ, ಅತ್ತೆ ಯರ್ರಮ್ಮ ಮಾಡಿದ ಸಾರು ಉಂಡು, “ನಮ್ ಚಳ್ಳಕೆರೆನಾಗೆ ಒಗ್ಗರಣೆಗೆ ಎಣ್ಣೆ ಹಾಕ್ತಾರೆ, ಇಲ್ಲಿ ಬರೀ ತೋರಿಸ್ತಾರೆ” ಅಂದುಬಿಟ್ಟಳು. ಬೀದಿಗೊಂದು ಎಣ್ಣೆ ಗಿರಣಿ ಇರುವ ಊರಲ್ಲಿ ಬೆಳೆದವಳು, ಬಾಯಿಗೆ ಬಂದದ್ದು ಬಂತು. ಯರ್ರಮ್ಮ ಅಂದೇ ಸೊಸೆಯ ಜೊತೆ ಮಾತು ಬಿಟ್ಟಳು. ಸೊಸೆಯೂ, “ಬಿಟ್ರೆ ಬಿಡ್ಲಿ, ನಂದೇನು ಗಂಟು ಹೋಗೋದು” ಅಂತ ತಾನೂ ಬಿಟ್ಟಳು. ಹೇಳಲೇಬೇಕಾದ್ದು ಏನಾದರೂ ಇದ್ದರೆ ಇಬ್ಬರೂ ವನಜಾಕ್ಷಿಯ ಗಂಡ ಮುರುಗೇಶನ ಕಡೆ ತಿರುಗಿ ಹೇಳುತ್ತಿದ್ದರು. ಅವನು ಮನೆಯಲ್ಲಿ ಇಲ್ಲದಾಗ ಅಂಗಳದ ಹುಂಜಕ್ಕೆ ಹೇಳುತ್ತಿದ್ದರು. ಮುರುಗೇಶನಿಗಿಂತ ಹುಂಜವೇ ಸ್ವಲ್ಪ ಗಮನ ಕೊಟ್ಟು ಕೇಳುತ್ತಿತ್ತು.

ಆದರೆ ಮಾತು ಬಿಟ್ಟರೂ ಮಗ್ಗ ಬಿಡುವ ಹಾಗಿಲ್ಲವಲ್ಲ. ಅವರು ನೇಯುವ ಸೀರೆಗೆ ಮೈ ಬಣ್ಣವೇ ಬೇರೆ, ಅಂಚಿನ ಬಣ್ಣವೇ ಬೇರೆ. ಎರಡನ್ನೂ ಎಳೆಗೆ ಎಳೆ ಕೂಡಿಸಬೇಕಾದರೆ ಒಂದೇ ಮಗ್ಗಕ್ಕೆ ಇಬ್ಬರು ಕೂರಬೇಕು. ಒಬ್ಬರು ಮೈಯ ಲಾಳಿ ಎಸೆದ ಗಳಿಗೆಗೇ ಪಕ್ಕದವರು ಅಂಚಿನ ಲಾಳಿ ತಳ್ಳಬೇಕು. ಸ್ವಲ್ಪ ಹಿಂದೆ ಮುಂದಾಯಿತೋ, ಅಂಚು ಸೊಟ್ಟಗಾಗಿ ಸೀರೆ ಯಾರಿಗೂ ಬೇಡವಾಗುತ್ತದೆ. ಸೊಸೆ ಮೈಯ ಕಡೆ, ಅತ್ತೆ ಅಂಚಿನ ಕಡೆ. ಮುಖ ಕೊಟ್ಟು ಮಾತಾಡದ ಇಬ್ಬರು ಹೆಂಗಸರ ಕೈ ಒಂದೇ ತಾಳಕ್ಕೆ ಬರುವುದಾದರೂ ಹೇಗೆ?

ಇಯರ್‌ಫೋನಿನಿಂದ ಬಂತು. ವನಜಾಕ್ಷಿಯ ಹಳೇ ಫೋನಿಗೆ ಒಂದು ತಂತಿ, ತಂತಿಗೆ ಎರಡು ಕವಲು. ಒಂದು ಕವಲು ಸೊಸೆಯ ಬಲಗಿವಿಗೆ, ಇನ್ನೊಂದು ಅತ್ತೆಯ ಎಡಗಿವಿಗೆ. ಒಂದೇ ಹಾಡು ಇಬ್ಬರಿಗೂ ಒಂದೇ ಸಲ ಕೇಳಿಸುತ್ತಿತ್ತು, ಎರಡು ಲಾಳಿಯೂ ಅದರ ತಾಳಕ್ಕೆ ಓಡುತ್ತಿದ್ದವು. ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿತ್ತು. ಅತ್ತೆ ಏನಾದರೂ ಗೊಣಗಿದರೆ, ಕಿವಿಯಲ್ಲಿ ಹಾಡಿತ್ತು, ಕೇಳಿಸಲಿಲ್ಲ ಅಂತ ಸೊಸೆ ಸುಮ್ಮನಿರಬಹುದಿತ್ತು. ಸೊಸೆ ಗೊಣಗಿದರೆ ಅತ್ತೆಯೂ ಹಾಗೇ. ಜಗಳಕ್ಕೆ ಉತ್ತರ ಕೊಡಲಿಲ್ಲ ಅಂತ ಯಾರ ಮರ್ಯಾದೆಯೂ ಹೋಗುತ್ತಿರಲಿಲ್ಲ. ಮನೆಯ ನೆಮ್ಮದಿಯೆಲ್ಲ ಆ ಒಂದು ತಂತಿಯ ಮೇಲೆ ನಿಂತಿತ್ತು.

ಇಂಥ ಸುಖದ ಕಾಲದಲ್ಲಿ ‘ನೇಕಾರ ಶ್ರವಣ ಸೌಕರ್ಯ ಯೋಜನೆ’ ಬಂತು. ಹಾಡು ಕೇಳುತ್ತ ನೇಯ್ದರೆ ನೇಯ್ಗೆ ಚುರುಕಾಗುತ್ತದೆ ಎಂದು ಮೇಲಿನವರು ಯಾರೋ ಕಂಡುಹಿಡಿದಿದ್ದರು. ಮೊಳಕಾಲ್ಮುರಿನವರು ಮೊದಲಿಂದಲೂ ಹಾಡು ಕೇಳುತ್ತಲೇ ನೇಯುತ್ತಿದ್ದುದರಿಂದ ಯೋಜನೆ ಗೆಲ್ಲುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಚಳ್ಳಕೆರೆಯಲ್ಲಿ ಕಚೇರಿ ತೆರೆದು, ಓಂಕಾರಮೂರ್ತಿ ಎಂಬುವರನ್ನು ಶ್ರವಣಾಧಿಕಾರಿಗಳೆಂದು ಕೂರಿಸಿದರು. ಅವರು ಬಂದವರೇ ತಾಲ್ಲೂಕಿಗೆಲ್ಲ ಸಾಲುವಷ್ಟು ತಂತಿ ಇಯರ್‌ಫೋನು ತರಿಸಿ ಗೋದಾಮು ತುಂಬಿಸಿದರು. ಫೋನು ತರಿಸುವ ಹೊತ್ತಿಗೆ, ಫೋನು ಮಾಡುವ ಕಂಪನಿಗಳವರು ತೂತು ತೆಗೆದುಹಾಕಿದ್ದರು. ಅದಕ್ಕೆ ಓಂಕಾರಮೂರ್ತಿ ಏನು ಮಾಡಿಯಾರು? ಕಂಪನಿಯವರು ಚಳ್ಳಕೆರೆಗೆ ಬಂದು ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ.

ಮೊಳಕಾಲ್ಮುರಿನ ಬೀದಿಗಳಲ್ಲಿ ಆಟೋಗೆ ಮೈಕು ಕಟ್ಟಿ ಸಾರಿದರು: “ನೇಕಾರ ಬಾಂಧವರೇ, ತಮ್ಮ ಹಳೆಯ ಫೋನನ್ನು ಕಡ್ಡಾಯವಾಗಿ ಒಪ್ಪಿಸಿ ಹೊಸ ಫೋನು ಪಡೆದು ಶ್ರವಣಸುಖ ಅನುಭವಿಸತಕ್ಕದ್ದು. ಅನುಭವಿಸದೇ ಇರುವವರ ವಿರುದ್ಧ ಕ್ರಮ ಜರುಗಿಸಲಾಗುವುದು.”

ವನಜಾಕ್ಷಿ ಎಲ್ಲರಿಗಿಂತ ಮುಂದೆ ಹೋಗಿ ನಿಂತಳು. ತನ್ನ ಹಳೇ ಫೋನಿನ ಮೂಲೆಗೆ ಕೆಂಪು ರೇಷ್ಮೆ ಎಳೆಯ ಕುಚ್ಚು ಕಟ್ಟಿದ್ದಳು, ಬೇರೆಯವರದಕ್ಕೆ ಬೆರೆಯಬಾರದು ಅಂತ. ಅದನ್ನು ಕುಚ್ಚಿನ ಸಮೇತ ಓಂಕಾರಮೂರ್ತಿಯವರ ಕೈಗಿಟ್ಟು, ಹೊಳೆಯುವ ಹೊಸ ಫೋನು, ಒಂದು ತಂತಿ ಇಯರ್‌ಫೋನು ಇಸಿದುಕೊಂಡು, ಫೋಟೋಗೆ ನಕ್ಕು ಮನೆಗೆ ಬಂದಳು. ತನ್ನ ಕೈಯಾರೆ ಮನೆಯ ಶಾಂತಿಯನ್ನು ಒಪ್ಪಿಸಿ ಬಂದದ್ದು ಅವಳಿಗೆ ಮಗ್ಗದ ಮುಂದೆ ಕೂತಾಗಲೇ ತಿಳಿದದ್ದು.

ಫೋನನ್ನು ಮೇಲೆ ಕೆಳಗೆ ತಿರುಗಿಸಿದಳು. ಪಕ್ಕಕ್ಕೆ ನೋಡಿದಳು. ತಳದಲ್ಲಿ ಚಾರ್ಜಿನ ಚಪ್ಪಟೆ ಬಾಯಿ ಒಂದೇ ಇತ್ತು, ತಂತಿಯ ಪಿನ್ನು ದುಂಡಗಿತ್ತು. ಕಿವಿಯೊಡ್ಡಿ ಕೂತಿದ್ದ ಯರ್ರಮ್ಮ ಕೊನೆಗೆ ತಾಳ್ಮೆಗೆಟ್ಟು ಫೋನು ಕಿತ್ತುಕೊಂಡು ತಾನೂ ಹುಡುಕಿದಳು. ಸಿಗದಿದ್ದಾಗ ಅಂಗಳದ ಕಡೆ ತಿರುಗಿ ಹುಂಜಕ್ಕೆ ಹೇಳಿದಳು, “ನೋಡ್ದೇನೋ? ಇದನ್ನ ಇಸ್ಕಂಬರಾಕೆ ಕುಣ್ಕಂಡು ಹೋಗಿದ್ರು. ಅದ್ಕೆ ತೂತೇ ಇಲ್ಲ. ಏಂ ಫೋನು ರಾ ಇದಿ!” ಸಿಟ್ಟು ಬಂದಾಗ ಯರ್ರಮ್ಮನ ಬಾಯಲ್ಲಿ ತೆಲುಗು ತಾನಾಗಿ ಬರುತ್ತಿತ್ತು.

ಮರುದಿನ ಸ್ಪೀಕರಿನಲ್ಲೇ ಹಾಡು ಹಾಕಿ ನೋಡಿದರು. ಊರಿಗೆ ಊರೇ ಹಾಗೆ ಮಾಡಿತ್ತು. ಪಕ್ಕದ ಮನೆಯ ಕೆಂಚಕ್ಕನ ಫೋನಿನಲ್ಲಿ ದೇವರ ಹಾಡು, ಎದುರು ಮನೆಯದರಲ್ಲಿ ತೆಲುಗು ಸಿನಿಮಾ ಹಾಡು. ವನಜಾಕ್ಷಿಯ ಕೈ ತನ್ನ ಹಾಡಿಗೆ ಓಡಿದರೆ ಯರ್ರಮ್ಮನ ಕೈ ಕೆಂಚಕ್ಕನ ದೇವರ ಹಿಂದೆ ಹೋಯಿತು. ಅಂಚು ಸೊಟ್ಟಗಾಯಿತು. “ಕೈ ಎಲ್ಲೈತೋ, ಮನಸ್ಸು ಎಲ್ಲೈತೋ” ಅಂತ ಯರ್ರಮ್ಮ ಗೊಣಗಿದಳು. ಇಬ್ಬರ ಕಿವಿಯಲ್ಲೂ ಏನೂ ಇರಲಿಲ್ಲ, ಆದ್ದರಿಂದ ಅದು ವನಜಾಕ್ಷಿಗೆ ಕೇಳಿಸಲೇಬೇಕಾಯಿತು. ಅವಳು ಉತ್ತರ ಕೊಟ್ಟಳು. ಅದು ಯರ್ರಮ್ಮನಿಗೆ ಕೇಳಿಸಲೇಬೇಕಾಯಿತು. ಎಲ್ಲಿಗೋ ಹೋದ ಮಾತು ಸುತ್ತಿ ಬಳಸಿ ಅದೇ ಒಗ್ಗರಣೆಯ ಎಣ್ಣೆಗೆ ಬಂದು ನಿಂತಿತು. ಮುರುಗೇಶ ಚಪ್ಪಲಿ ಮೆಟ್ಟಿಕೊಂಡು ಸದ್ದಿಲ್ಲದೆ ಹೊರಗೆ ಹೋದ.

ಸಂಜೆ ಯರ್ರಮ್ಮ ಎರಡು ಸೀರೆ ಮಡಚಿ ಚೀಲಕ್ಕೆ ತುಂಬಿ ಬಾಗಿಲ ಪಕ್ಕ ಇಟ್ಟಳು. “ಇನ್ನೊಂದ್ಸಲ ಎಣ್ಣೆ ಸುದ್ದಿ ಬಂದ್ರೆ ನಾನು ರಾಯದುರ್ಗಕ್ಕೆ ಮಗಳ ಮನೆಗೆ ಹೋಗ್ತೀನಿ. ಅಂಚು ಯಾರ ಕೈಲಿ ನೇಯಿಸ್ಕಂತಾರೋ ನೇಯಿಸ್ಕಳ್ಳಿ” ಅಂತ ಹುಂಜಕ್ಕೆ ತಿಳಿಸಿದಳು.

ಹೋದರೆ ಹೋಗಲಿ ಅಂತ ಅನ್ನಬೇಕಿತ್ತು ವನಜಾಕ್ಷಿ. ಬಾಯಿ ಬರಲಿಲ್ಲ. ಮಗ್ಗದ ಮೇಲೆ ಮದುವೆ ಸೀರೆ ಅರ್ಧಕ್ಕೆ ನಿಂತಿತ್ತು. ಯರ್ರಮ್ಮನ ಹಾಗೆ ಅಂಚು ಹಿಡಿಯುವವರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ. ಅದೂ ಇರಲಿ. ಇಷ್ಟು ವರ್ಷ ತೋಳಿಗೆ ತೋಳು ತಾಗಿಸಿ ಕೂತ ಮುದುಕಿ ಪಕ್ಕದಲ್ಲಿ ಇರುವುದಿಲ್ಲ ಅನ್ನುವುದನ್ನು ನೆನೆಸಿಕೊಳ್ಳುವುದೂ ಅವಳಿಗೆ ಬೇಡವಾಗಿತ್ತು. ಅದನ್ನು ಯಾರಿಗೆ ಹೇಳುವುದು? ಹುಂಜಕ್ಕೆ ಹೇಳಲೂ ನಾಚಿಕೆ.

ಬೆಳಿಗ್ಗೆ ಕೆಂಚಕ್ಕನನ್ನು ಕರೆದುಕೊಂಡು ಚಳ್ಳಕೆರೆ ಬಸ್ಸು ಹತ್ತಿದಳು.

ಶ್ರವಣಾಧಿಕಾರಿಗಳ ಕಚೇರಿಯಲ್ಲಿ ಓಂಕಾರಮೂರ್ತಿಯವರು ಕೂತಿದ್ದರು. ಅವರ ಪಕ್ಕದ ಕುರ್ಚಿಯಲ್ಲಿ, ಫೋನು ಸರಬರಾಜು ಮಾಡಿದ ಚಳ್ಳಕೆರೆಯ ಗೋವರ್ಧನ ಕಾಲ ಮೇಲೆ ಕಾಲು ಹಾಕಿಕೊಂಡು ಟೀ ಕುಡಿಯುತ್ತಿದ್ದ. 

“ಸಾಹೇಬ್ರೆ, ಈ ಫೋನಿಗೆ ತೂತಿಲ್ಲ” ಅಂದಳು ವನಜಾಕ್ಷಿ.

“ಅಮ್ಮಾ, ಇದು ಕಚೇರಿ. ತೂತು ಎನ್ನಬಾರದು. ರಂಧ್ರ ಎನ್ನಿ” ಎಂದರು ಓಂಕಾರಮೂರ್ತಿ.

“ಆಯ್ತು, ರಂಧ್ರ ಇಲ್ಲ.”

“ಗೊತ್ತಿದೆ. ಅದು ಈ ಫೋನಿನ ವಿಶೇಷ. ಆದರೆ ನೀವು ಪ್ರತಿ ತಿಂಗಳು ತಂತಿಯನ್ನು ರಂಧ್ರದೊಳಗೆ ಚುಚ್ಚಿಕೊಂಡು, ಕಿವಿಗೆ ಹಾಕಿಕೊಂಡಿರುವ ಫೋಟೋ ಕಳಿಸತಕ್ಕದ್ದು. ಕಳಿಸದಿದ್ದರೆ ಯೋಜನೆಯಿಂದ ಬರುವ ರೇಷ್ಮೆ ನೂಲು ನಿಲ್ಲುತ್ತದೆ.”

“ರಂಧ್ರ ಇಲ್ದೆ ಎಲ್ಲಿ ಚುಚ್ಚಾನ ಸಾಹೇಬ್ರೆ?” ಅಂದಳು ಕೆಂಚಕ್ಕ.

“ಎಲ್ಲಿ ಚುಚ್ಚಬೇಕೆಂದು ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿದೆ. ರಂಧ್ರದೊಳಗೆ.”

ಗೋವರ್ಧನ ಟೀ ಲೋಟ ಕೆಳಗಿಟ್ಟು ನಗುತ್ತ, “ಅಕ್ಕಾ, ತಂತಿ ಕಾಲ ಮುಗೀತು. ಈಗ ತಂತಿ ಇಲ್ಲದ್ದು ಬಂದೈತೆ, ಕಿವಿಗೆ ಸಿಕ್ಕಿಸ್ಕಂಡ್ರೆ ಸಾಕು. ಸಾಹೇಬ್ರು ಮನಸ್ಸು ಮಾಡಿದ್ರೆ ಅದನ್ನೂ ನಾನೇ ಕೊಡ್ತೀನಿ” ಅಂದ. ಸಾಹೇಬರು ಮನಸ್ಸು ಮಾಡಿದರು. ಅವರ ಮನಸ್ಸು ಅಷ್ಟು ಮೆದು.

ಹೀಗೆ ಕಿವಿಗೆ ಸಿಕ್ಕಿಸುವ ತಂತಿಯಿಲ್ಲದ ಗುಬುಟುಗಳು ಮೊಳಕಾಲ್ಮುರಿಗೆ ಬಂದವು. ಹುಣಸೆ ಬೀಜಕ್ಕಿಂತ ತುಸು ದೊಡ್ಡವು, ಬೆಳ್ಳಗೆ ಮುದ್ದಾಗಿದ್ದವು. ಕೂಡಲೇ ಒಂದೊಂದಾಗಿ ಕಾಣೆಯಾಗತೊಡಗಿದವು. ಮಗ್ಗದ ಗುಂಡಿಗೆ ಬಿದ್ದವು, ನೂಲಿನ ಬುಟ್ಟಿಯಲ್ಲಿ ಸೇರಿಕೊಂಡವು. ಕೆಂಚಕ್ಕನ ಗುಬುಟು ಅವಳ ಫೋನು ಬಿಟ್ಟು ಎದುರು ಮನೆಯ ಫೋನಿನ ಜೊತೆ ನಂಟು ಬೆಳೆಸಿ, ಆ ಮನೆಯವರ ಗುಟ್ಟಿನ ಮಾತನ್ನೆಲ್ಲ ಅವಳ ಕಿವಿಗೆ ಊದಿತು. ಕೆಂಚಕ್ಕ ಮಾತ್ರ ಯೋಜನೆಯಿಂದ ತೃಪ್ತಿಯಾಗಿದೆ ಎಂದು ಬರೆದುಕೊಟ್ಟಳು.

ಯರ್ರಮ್ಮನ ಗುಬುಟು ಮೂರನೇ ಲಾಳಿಗೇ ಕಿವಿಯಿಂದ ಜಾರಿ ಅಂಗಳಕ್ಕೆ ಉರುಳಿತು. ಹುಂಜ ಓಡಿ ಬಂದು, ಕತ್ತು ಚಾಚಿ, ಗುಳುಂ ಮಾಡಿತು. ಒಂದು ಗಳಿಗೆ ಕಳೆದು ಹುಂಜದ ಹೊಟ್ಟೆಯೊಳಗಿಂದ ಹೆಂಗಸಿನ ದನಿಯೊಂದು “ಕನೆಕ್ಟೆಡ್” ಅಂತ ಇಂಗ್ಲಿಷಿನಲ್ಲಿ ಹೇಳಿತು. ಆಮೇಲೆ ಹಾಡು ಶುರುವಾಯಿತು. ಹುಂಜ ತಲೆ ಓರೆ ಮಾಡಿಕೊಂಡು ತನ್ನ ಹಾಡನ್ನು ತಾನೇ ಕೇಳುತ್ತ ನಿಂತಿತು.

ಇದರಲ್ಲಿ ತೊಡಕೇನೆಂದರೆ, ಆ ಹುಂಜವನ್ನು ಯರ್ರಮ್ಮ ಗೌರಸಮುದ್ರದ ಮಾರಮ್ಮನಿಗೆ ಹರಕೆ ಬಿಟ್ಟಿದ್ದಳು. ವಿಷಯ ತಿಳಿದು ಓಂಕಾರಮೂರ್ತಿ ಜೀಪಿನಲ್ಲಿ ಬಂದರು. ಹುಂಜವನ್ನು ಸುತ್ತಲಿಂದ ನೋಡಿ, ಗುಬುಟು ಯೋಜನೆಯ ಸ್ವತ್ತಾದ್ದರಿಂದ, ಅದನ್ನು ಹೊತ್ತಿರುವ ಹುಂಜವೂ ಯೋಜನೆಯ ಸ್ವತ್ತೇ ಎಂದು ತೀರ್ಮಾನಿಸಿ, ಅದರ ಕಾಲಿಗೆ ಬಿಲ್ಲೆ ಕಟ್ಟಿಸಿದರು.

“ಸಾಹೇಬ್ರೆ, ಇದು ಅಮ್ಮನ ಹುಂಜ. ಕೊಡ್ದಿದ್ರೆ ಅಮ್ಮ ಸುಮ್ನೆ ಬಿಡ್ತಾಳಾ?” ಅಂದಳು ಯರ್ರಮ್ಮ, ಕೈ ಮುಗಿದು.

“ಹೆದರಬೇಡಿ ಅಜ್ಜಿ. ದೇವಿಯವರಿಗೆ ಕಚೇರಿಯಿಂದಲೇ ಹಿಂಬರಹ ಹೋಗುತ್ತದೆ.”

ಹೋಯಿತು ಕೂಡ. “ಸದರಿ ಹುಂಜವು ಶ್ರವಣ ಸಾಧನದ ವಾಹಕವಾಗಿರುವುದರಿಂದ, ತಮಗೆ ಸಲ್ಲಬೇಕಾದ ಹರಕೆಯನ್ನು ಮುಂದಿನ ಆದೇಶದವರೆಗೆ ತಡೆಹಿಡಿಯಲಾಗಿದೆ. ತಮ್ಮ ಸಹಕಾರ ಕೋರಿದೆ” ಎಂದು ಟೈಪು ಮಾಡಿಸಿ ಗುಡಿಗೆ ಕಳಿಸಿದರು. ದೇವಿಯವರಿಂದ ಆಕ್ಷೇಪಣೆ ಬಾರದ ಕಾರಣ ಒಪ್ಪಿಗೆ ಇದೆಯೆಂದು ಭಾವಿಸಲಾಯಿತು.

ಗುಬುಟಿನ ದಾರಿಯೂ ಮುಚ್ಚಿತು. ತಿಂಗಳ ಕೊನೆಗೆ ಒಂದೇ ಒಂದು ಫೋಟೋ ಹೋಗಲಿಲ್ಲ, ನೂಲು ಬರುವುದು ನಿಂತಿತು. ನೇಕಾರರು ಗಲಾಟೆ ಎಬ್ಬಿಸಿದರು. ಗಲಾಟೆಯನ್ನು ಕ್ರಮಬದ್ಧಗೊಳಿಸುವ ಸಲುವಾಗಿ ಓಂಕಾರಮೂರ್ತಿ, ಮೊಳಕಾಲ್ಮುರಿನ ಸಮುದಾಯ ಭವನದಲ್ಲಿ ‘ರಂಧ್ರ ಬೇಕೇ ಬೇಡವೇ: ಸಾರ್ವಜನಿಕ ಚರ್ಚೆ’ ಏರ್ಪಡಿಸಿದರು. ಜನ ಕಿಕ್ಕಿರಿದು ಸೇರಿದರು. ವನಜಾಕ್ಷಿ ಮುಂದೆ ಕೂತಳು, ಯರ್ರಮ್ಮ ಅದೇ ಸಾಲಿನ ಇನ್ನೊಂದು ತುದಿಗೆ ಕೂತಳು.

ರಂಧ್ರ ಬೇಡ ಅನ್ನುವ ಪಕ್ಷವಾಗಿ ಗೋವರ್ಧನ ಮಾತಾಡಿದ. “ತಾಯಂದಿರೇ, ರಂಧ್ರ ಇದ್ರೆ ಫೋನಿಗೆ ನೀರು ನುಗ್ತೈತೆ.”

“ನಮ್ ತಾಲ್ಲೂಕಿನಾಗೆ ನೀರು ಎಲ್ಲೈತಪ್ಪ ತಂದೆ?” ಅಂದಳು ಕೆಂಚಕ್ಕ. “ಇದ್ರೆ ತೋರ್ಸು, ಮೊದ್ಲು ನಮ್ ನಲ್ಲಿಗೆ ನುಗ್ಗಿಸಾನ.”

“ರಂಧ್ರ ತೆಗೆದ್ರೆ ಫೋನು ತೆಳ್ಳಗಾಗ್ತೈತೆ.”

“ತೆಳ್ಳಗಾಗಿ ಏನಾಗ್ಬೇಕು? ಅದ್ಕೇನು ಗಂಡು ನೋಡ್ತಿದ್ದೀರಾ?” ಅಂದಳು ಯರ್ರಮ್ಮ. ಭವನವೆಲ್ಲ ಗೊಳ್ಳೆಂದಿತು. ವನಜಾಕ್ಷಿಗೂ ತಡೆಯಲಾರದ ನಗು ಬಂತು, ಸೆರಗು ಬಾಯಿಗೆ ಒತ್ತಿಕೊಂಡಳು. ಅತ್ತೆ ನೋಡಿಬಿಟ್ಟಾಳು ಅಂತ ಭಯ.

ಓಂಕಾರಮೂರ್ತಿ ಎದ್ದು ನಿಂತು ಗಂಭೀರವಾಗಿ ಹೇಳಿದರು. “ಇಲ್ಲೇ ಸಿದ್ದಾಪುರದ ಬಂಡೆಯ ಮೇಲೆ ಅಶೋಕ ಚಕ್ರವರ್ತಿ ಶಾಸನ ಕೆತ್ತಿಸಿದ್ದಾನೆ. ಅದರಲ್ಲಿ ತಾಯಿ ತಂದೆ ಹಿರಿಯರ ಮಾತು ಕೇಳಬೇಕು ಎಂದಿದೆ. ಕೇಳುವುದಕ್ಕೆ ತಂತಿ ಬೇಕು ಎಂದಿದೆಯೇ? ಇಲ್ಲ. ರಂಧ್ರ ಬೇಕು ಎಂದಿದೆಯೇ? ಇಲ್ಲ. ಆದರೂ ಇಷ್ಟು ಸಾವಿರ ವರ್ಷ ನಾವು ಕೇಳಿಕೊಂಡು ಬಂದಿಲ್ಲವೇ?”

ಹಿರಿಯರ ಮಾತು ಕೇಳಬೇಕು ಅಂದಾಗ ಯರ್ರಮ್ಮ ಕತ್ತು ತಿರುಗಿಸಿ ಸೊಸೆಯ ಕಡೆ ಒಂದು ನೋಟ ಬಿಟ್ಟಳು. ವನಜಾಕ್ಷಿಯ ಮುಖ ಕೆಂಪಾಯಿತು. ಎದ್ದು ನಿಂತು, “ಸಾಹೇಬ್ರೆ, ಅಶೋಕ ಏನಾರ ಹೇಳ್ಕಳ್ಳಲಿ. ಅವ್ರ ಮನೇನಾಗೆ ಅತ್ತೆ ಸೊಸೆ ಒಂದೇ ಮಗ್ಗಕ್ಕೆ ಕೂತಿದ್ರಾ? ನಮ್ಗೆ ತಂತಿ ಇಲ್ದೆ ಆಗಲ್ಲ. ತಂತಿ ಇಲ್ದಿದ್ರೆ ನಮ್ ಮನೆ ಒಡದು ಹೋಗ್ತೈತೆ!” ಅಂದಳು. ಅಷ್ಟು ಜನರ ಮುಂದೆ ಕಣ್ಣಲ್ಲಿ ನೀರು ಬಂತು. ಯರ್ರಮ್ಮ ಈಗ ನೆಲ ನೋಡುತ್ತ ಕೂತಿದ್ದಳು.

ಇದನ್ನು ಓಂಕಾರಮೂರ್ತಿ ‘ಮಹಿಳೆಯರು ರಂಧ್ರದ ಪರವಾಗಿ ಭಾವುಕರಾದರು’ ಎಂದು ಬರೆಸಿಕೊಂಡರು. ವಾರ ಕಳೆಯುವುದರೊಳಗೆ ಆದೇಶ ಹೊರಬಿತ್ತು. “ಮಾರ್ಗಸೂಚಿಯಲ್ಲಿ ರಂಧ್ರದ ಪ್ರಸ್ತಾಪವಿರುವುದರಿಂದಲೂ, ಮಾರ್ಗಸೂಚಿಯನ್ನು ತಿದ್ದುವ ಅಧಿಕಾರ ಈ ಕಚೇರಿಗೆ ಇಲ್ಲದಿರುವುದರಿಂದಲೂ, ಫೋನನ್ನು ತಿದ್ದಲು ಯಾರ ಅಡ್ಡಿಯೂ ಇಲ್ಲದಿರುವುದರಿಂದಲೂ, ಪ್ರತಿ ಫೋನಿಗೆ ಒಂದರಂತೆ ರಂಧ್ರವನ್ನು ಮಂಜೂರು ಮಾಡಿ ಆದೇಶಿಸಿದೆ.” ರಂಧ್ರ ಸರಬರಾಜಿನ ಗುತ್ತಿಗೆ ಗೋವರ್ಧನನಿಗೇ ಆಯಿತು. ರಂಧ್ರವಿಲ್ಲದ ಫೋನು ಕೊಟ್ಟ ಅನುಭವ ತಾಲ್ಲೂಕಿನಲ್ಲಿ ಅವನೊಬ್ಬನಿಗೇ ಇದ್ದದ್ದು.

ಗೋವರ್ಧನನಿಗೆ ಕಂಪನಿಗಳ ಪರವಾಗಿ ಭಾಷಣ ಮಾಡಲು ಬರುತ್ತಿತ್ತೇ ಹೊರತು ತೂತು ಕೊರೆಯಲು ಬರುತ್ತಿರಲಿಲ್ಲ. ಅವನು ಕೆಲಸವನ್ನು ಮೊಳಕಾಲ್ಮುರು ಬಸ್ ಸ್ಟ್ಯಾಂಡಿನ ಮೊಬೈಲ್ ರಿಪೇರಿಯ ಮಸ್ತಾನ್ ಸಾಬ್‌ಗೆ ದಾಟಿಸಿದ. ಮಸ್ತಾನ್ ಸಾಬ್ ಆದೇಶವನ್ನು ಓಂಕಾರಮೂರ್ತಿಯವರಿಂದ ಎರಡು ಸಲ ಓದಿಸಿಕೊಂಡು ಕೇಳಿ, ಬಹಳ ಖುಷಿಪಟ್ಟ.

“ಅರೆ ಸಾಬ್, ಹೊಡೀತೀನಿ, ಎಷ್ಟು ಬೇಕೋ ಅಷ್ಟು ಹೊಡೀತೀನಿ. ಲೇಕಿನ್ ಒಳಗೆ ಏನೂ ಇರಲ್ಲ. ಪಿನ್ನು ಹೋಗ್ತದೆ, ಹಾಡು ಬರಲ್ಲ.”

“ಆದೇಶದಲ್ಲಿ ರಂಧ್ರ ಎಂದಿದೆ. ಹಾಡು ಎಂದಿದೆಯೇನಪ್ಪ?” ಎಂದರು ಓಂಕಾರಮೂರ್ತಿ.

“ಬಿಲ್ಕುಲ್ ಇಲ್ಲ ಸಾಬ್.”

“ಮತ್ತೆ?”

ಮಸ್ತಾನ್ ಸಾಬ್ ಸಣ್ಣ ಡ್ರಿಲ್ಲು ಹಿಡಿದು ಕೂತ. ಅಂಗಡಿ ಮುಂದೆ ನೇಕಾರರ ಸಾಲು ಬಸ್ಸು ತಿರುಗುವ ಜಾಗದವರೆಗೂ ಹೋಯಿತು. ಹೆಚ್ಚಿನ ಫೋನು ಚೆನ್ನಾಗಿಯೇ ಬಂದವು. ಕೆಂಚಕ್ಕನ ಫೋನಿನಲ್ಲಿ ಡ್ರಿಲ್ಲು ಬ್ಯಾಟರಿಗೆ ತಾಗಿ ಬುಸ್ಸೆಂದು ಹೊಗೆ ಬಂದು, ಆಚೆಯಿಂದ ಈಚೆಗೆ ಬೆಳಕು ಕಾಣುವಂತಾಯಿತು. ಅದನ್ನು ‘ಪೂರ್ಣ ಪ್ರಮಾಣದ ರಂಧ್ರ’ ಎಂದು ದಾಖಲಿಸಿಕೊಳ್ಳಲಾಯಿತು.

ವನಜಾಕ್ಷಿಯ ಸರದಿ ಬಂದಾಗ ಅವಳ ಕಣ್ಣು ಅಂಗಡಿಯ ಗಾಜಿನ ಕಪಾಟಿನ ಮೇಲೆ ಬಿತ್ತು. ನೇಕಾರರು ಒಪ್ಪಿಸಿದ ಹಳೇ ಫೋನುಗಳು ಅಲ್ಲಿ ಸಾಲಾಗಿ ಕೂತಿದ್ದವು, ಒಂದೊಂದಕ್ಕೂ ಚೆಂದದ ದುಂಡು ತೂತು.

“ಇವು ನಮ್ಮವಲ್ವಾ?” ಅಂದಳು.

“ಈಗ ನಂದು ಅಮ್ಮಾ. ಗೋವರ್ಧನಣ್ಣ ಕೊಟ್ಟಿದ್ದು. ತೂತಿಂದು ಅಂತ ಈಗ ಭಾರೀ ಡಿಮ್ಯಾಂಡು” ಅಂದ ಮಸ್ತಾನ್ ಸಾಬ್, ಮುಚ್ಚುಮರೆಯಿಲ್ಲದೆ.

“ನಂದು ಕೆಂಪು ಕುಚ್ಚಿಂದು. ಎಲ್ಲೈತೆ? ಅದೊಂದು ಕೊಡು ಸಾಬಣ್ಣ. ನಿನ್ ಕೈ ಮುಗೀತೀನಿ.”

“ಅಯ್ಯೋ, ಅದು ಹೋಯ್ತಮ್ಮಾ. ಸೌಂಡು ಬಹಳ ಕ್ಲಿಯರ್ ಇತ್ತು ಅಂತ ದೊಡ್ಡ ಆದ್ಮಿ ಒಬ್ರು ಮೊದ್ಲೇ ಎತ್ಕಂಡ್ ಹೋದ್ರು.”

ಉಳಿದವನ್ನು ಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ಕೊರೆದ ಫೋನು ಸೆರಗಿಗೆ ಸುತ್ತಿಕೊಂಡು ಮನೆಗೆ ಬಂದಳು. ಬಾಗಿಲ ಪಕ್ಕ ಯರ್ರಮ್ಮನ ಚೀಲ ಹಾಗೇ ಇತ್ತು. ಬೆಳಿಗ್ಗೆ ಎಣ್ಣೆಯ ಸುದ್ದಿ ಮತ್ತೆ ಎದ್ದಿತ್ತು, ಆದ್ದರಿಂದ ಈಗ ಅದರ ಮೇಲೆ ಚಪ್ಪಲಿಯೂ ಬಂದಿತ್ತು. “ನಾಳೆ ಸಾಹೇಬ್ರು ಬಂದು ನೋಡ್ಕಂಡು ಹೋಗ್ಲಿ, ನಿಂತ ನೂಲು ಬರ್ಲಿ. ಅವ್ರು ಅತ್ತ ಹೋದ್ಮ್ಯಾಕೆ ನಾನು ಇತ್ತ ರಾಯದುರ್ಗದ ಬಸ್ಸು ಹತ್ತೀನಿ” ಅಂದಳು ಯರ್ರಮ್ಮ. ಕಾಲಿಗೆ ಬಿಲ್ಲೆ ಕಟ್ಟಿಕೊಂಡ ಹುಂಜ ಕೇಳಿಸಿಕೊಂಡಿತು.

ಮರುದಿನ ಪರಿಶೀಲನೆ. ವನಜಾಕ್ಷಿಯದು ಮೊದಲು ಫೋನು ಪಡೆದ ಮನೆ, ಆದ್ದರಿಂದ ಮೊದಲ ಪರಿಶೀಲನೆಯ ಗೌರವವೂ ಅದಕ್ಕೇ. ಇಬ್ಬರೂ ಮಗ್ಗಕ್ಕೆ ಕೂತಿದ್ದರು. ತಂತಿಯ ಪಿನ್ನು ಹೊಸ ತೂತಿನೊಳಗೆ ಗಟ್ಟಿಯಾಗಿ ಕೂತಿತ್ತು. ಒಂದು ಕವಲು ಸೊಸೆಯ ಬಲಗಿವಿಗೆ, ಇನ್ನೊಂದು ಅತ್ತೆಯ ಎಡಗಿವಿಗೆ. ಒಳಗಿನಿಂದ ಉಸಿರಿನಷ್ಟೂ ಸದ್ದಿಲ್ಲ.

ಓಂಕಾರಮೂರ್ತಿ ಗೋವರ್ಧನನ ಜೊತೆ ಒಳಗೆ ಬಂದರು. ಅವರ ಕಿವಿಯಲ್ಲೂ ತಂತಿಯಿತ್ತು. ಮಾತಾಡಲು ಅದನ್ನು ತೆಗೆದು, ಶರ್ಟಿನ ಜೇಬಿನಿಂದ ಫೋನು ಹೊರಗೆ ತಂದು ಹಾಡು ನಿಲ್ಲಿಸಿದರು. ಆ ಫೋನಿನ ಮೂಲೆಯಲ್ಲಿ ಕೆಂಪು ರೇಷ್ಮೆಯ ಕುಚ್ಚು ತೂಗುತ್ತಿತ್ತು.

ವನಜಾಕ್ಷಿ ಕುಚ್ಚು ನೋಡಿದಳು. ಅವಳ ನೋಟದ ಹಿಂದೆಯೇ ಹೋಗಿ ಯರ್ರಮ್ಮನೂ ನೋಡಿದಳು. ಅದು ಯಾರದೆಂದು ಯರ್ರಮ್ಮನಿಗೆ ಗೊತ್ತಾಯಿತು. ಸೊಸೆಯ ಹೊಟ್ಟೆ ಉರಿದ ಹಾಗೆ ಅವಳದೂ ಉರಿಯಿತು. ಅವರಿಬ್ಬರೂ ಒಂದೇ ವಿಷಯಕ್ಕೆ ಸಿಟ್ಟಾದದ್ದು ಬಹುಶಃ ಅದೇ ಮೊದಲು.

“ಇದೆಲ್ಲ ಹಳೇ ಮಾದರಿ” ಎಂದರು ಓಂಕಾರಮೂರ್ತಿ, ಫೋನು ಜೇಬಿಗಿಳಿಸುತ್ತ. “ಹೊಸತು ಜನರಿಗೆ ಸಿಗಲಿ ಎಂದು ನಾನು ಇದರಲ್ಲೇ ಕಷ್ಟಪಡುತ್ತಿದ್ದೇನೆ. ಇರಲಿ. ಅಜ್ಜಿ, ತಂತಿಯಲ್ಲಿ ಹಾಡು ಬರುತ್ತಿದೆಯೇ?”

ಇಲ್ಲ ಅಂದರೆ ನಿಂತ ನೂಲು ಮತ್ತೆ ಬರುವುದಿಲ್ಲ. ಹೌದು ಅನ್ನಬೇಕಾದರೆ ಮಾರಮ್ಮನಿಗೆ ನಡೆದುಕೊಳ್ಳುವ ಯರ್ರಮ್ಮ ಸುಳ್ಳಾಡಬೇಕು. ವನಜಾಕ್ಷಿ ತುಟಿ ಮುಚ್ಚಿಕೊಂಡು, ಮೂಗಿನಲ್ಲೇ ಒಂದು ರಾಗ ಗುನುಗತೊಡಗಿದಳು. ಯಾವ ಹಾಡೆಂದು ಅವಳಿಗೂ ಗೊತ್ತಿರಲಿಲ್ಲ. ಗುನುಗುತ್ತ ಮೈಯ ಲಾಳಿ ಎಸೆದಳು. ಅದೇ ಗಳಿಗೆಗೆ ಅಂಚಿನ ಲಾಳಿ ಓಡಿತು. ಮತ್ತೆ ಎಸೆದಳು, ಮತ್ತೆ ಓಡಿತು. ಎಳೆಗೆ ಎಳೆ ಕೂಡಿತು.

ಯರ್ರಮ್ಮ ಕಿವಿಯ ಕವಲನ್ನು ಬೆರಳಿನಿಂದ ಒತ್ತಿಕೊಂಡು, “ಬರ್ತೈತೆ ಸಾಹೇಬ್ರೆ. ಚೆನ್ನಾಗಿ ಬರ್ತೈತೆ” ಅಂದಳು. ಹೇಳಿದ್ದು ಸುಳ್ಳಂತೂ ಆಗಿರಲಿಲ್ಲ.

‘ಧ್ವನಿ ಸ್ಪಷ್ಟವಾಗಿದೆ. ಫಲಾನುಭವಿಗಳು ರಂಧ್ರದಿಂದ ಸಂತುಷ್ಟರಾಗಿದ್ದಾರೆ’ ಎಂದು ಓಂಕಾರಮೂರ್ತಿ ಬರೆಸಿದರು. ಗೋವರ್ಧನ ಇಬ್ಬರದೂ ಫೋಟೋ ತೆಗೆದ. ಆಮೇಲೆ ಅವರು ಮನೆಯಿಂದ ಮನೆಗೆ ಹೋದರು. ಕೆಂಚಕ್ಕ ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದರಿಂದ, ಆಚೆಯಿಂದ ಈಚೆಗೆ ಬೆಳಕು ಕಾಣುವ ತನ್ನ ಫೋನಿಗೆ ತಂತಿ ಚುಚ್ಚಿ ತಾನೂ ಗುನುಗಿದಳು. ಸಂಜೆಯೊಳಗೆ ಬೀದಿಗೆ ಬೀದಿಯೇ ಕಿವಿಗೆ ತಂತಿ ಹಾಕಿಕೊಂಡು ಗುನುಗುತ್ತಿತ್ತು. ಆ ತಿಂಗಳು ಫೋಟೋ ಎಲ್ಲ ಮನೆಯಿಂದಲೂ ಹೋಯಿತು, ನೂಲು ಎಲ್ಲ ಮನೆಗೂ ಬಂತು. ತೂತಿನ ಮೊಳಕಾಲ್ಮುರು ಮಾದರಿಯನ್ನು ಬೇರೆ ತಾಲ್ಲೂಕುಗಳಿಗೂ ವಿಸ್ತರಿಸುವ ಪ್ರಸ್ತಾವವನ್ನು ಓಂಕಾರಮೂರ್ತಿ ಮೇಲಕ್ಕೆ ಕಳಿಸಿದ್ದಾರೆ. ಗೋವರ್ಧನ ಆಗಲೇ ದೊಡ್ಡ ಡ್ರಿಲ್ಲು ತರಿಸಿದ್ದಾನೆ. ಹುಂಜ ಬಿಲ್ಲೆ ಸಮೇತ ದಪ್ಪಗಾಗುತ್ತಿದೆ.

ಪರಿಶೀಲನೆಯ ದಿನ ಸಾಹೇಬರ ಜೀಪು ಬೀದಿ ತಿರುಗಿದ ಮೇಲೂ ಮಗ್ಗದ ಮುಂದೆ ಇಬ್ಬರೂ ಎದ್ದಿರಲಿಲ್ಲ. ಇನ್ನು ಗುನುಗಬೇಕಾದ ಅಗತ್ಯ ಇರಲಿಲ್ಲ, ಆದರೂ ವನಜಾಕ್ಷಿ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಪಕ್ಕದ ಕೈ ಚೀಲಕ್ಕೆ ಹೋಗುತ್ತದೆ ಅಂತ ಅವಳ ಜೀವ ಪುಕಪುಕ ಅನ್ನುತ್ತಿತ್ತು. ದೊಡ್ಡ ರಸ್ತೆಯಲ್ಲಿ ರಾಯದುರ್ಗದ ಬಸ್ಸು ಹಾರನ್ನು ಹೊಡೆಯಿತು. ಇನ್ನೊಮ್ಮೆ ಹೊಡೆಯಿತು. ಆಮೇಲೆ ಹೊರಟುಹೋದ ಸದ್ದೂ ಕೇಳಿಸಿತು.

ಯರ್ರಮ್ಮ ಹುಂಜದ ಕಡೆ ತಿರುಗಲಿಲ್ಲ. ಲಾಳಿ ಹಿಡಿದ ಕೈಯ ಮೊಣಕೈಯಿಂದ ಸೊಸೆಯ ತೋಳಿಗೆ ಮೆಲ್ಲಗೆ ತಿವಿದು, “ಸೌಂಡು ಸ್ವಲ್ಪ ಜಾಸ್ತಿ ಮಾಡೇ” ಅಂದಳು.

ವನಜಾಕ್ಷಿ ಫೋನಿನ ಬದಿಯ ಗುಂಡಿಯನ್ನು ಎರಡು ಸಲ ಒತ್ತಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು, ಬಾಯಿ ತೆರೆದು ಹಾಡಿದಳು.